ಪ್ರೊಫೆಸರ್ ಪ್ರೇಮಕುಮಾರನ ಸೊನ್ನೆ

ರಾಣೆಬೆನ್ನೂರಿನ ಬೀಜದ ಅಂಗಡಿ ಪರಮೇಶಪ್ಪನವರ ಒಬ್ಬನೇ ಮಗ ಪ್ರೇಮಕುಮಾರ ಹಾವೇರಿಯ ವರದಾತೀರ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಸಹಾಯಕ ಪ್ರಾಧ್ಯಾಪಕನಾದ. ಆ ಹುದ್ದೆಯಲ್ಲಿದ್ದ ‘ಸಹಾಯಕ’ ಎಂಬ ಮಾತು ಹಾವೇರಿಯಿಂದ ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಬಸ್ಸಿನಲ್ಲೇ ಎಲ್ಲೋ ಬಿದ್ದುಹೋಯಿತು. ಓಣಿಯವರು ಅದನ್ನು ಹುಡುಕಲಿಲ್ಲ. ಪ್ರೇಮಕುಮಾರನಂತೂ ಹಿಂತಿರುಗಿಯೂ ನೋಡಲಿಲ್ಲ. ಮೊದಲ ಸಂಬಳದಲ್ಲಿ ಮನೆಯ ಬಾಗಿಲಿಗೆ ‘ಪ್ರೊ. ಪ್ರೇಮಕುಮಾರ’ ಎಂದು ಬೋರ್ಡು ಬರೆಸಿದ. ಬರೆದ ಪೇಂಟರ್ ಹುಟ್ಟಿದಾರಭ್ಯ ಅಂಗಡಿಗಳ ಬೋರ್ಡನ್ನೇ ಬರೆದವನು. ‘ಪ್ರೊ.’ ಅಂದರೆ ಪ್ರೊಪ್ರೈಟರ್ ಎಂದು ತಿಳಿದು, ಕೆಳಗೆ ‘ನಮ್ಮಲ್ಲಿ ಎಲ್ಲಾ ತರಹದ ಬೀಜಗಳು ದೊರೆಯುತ್ತವೆ’ ಎಂದು ತನ್ನ ಕಡೆಯಿಂದ ಸೇರಿಸಿಬಿಟ್ಟ.

ವಿಶ್ವವಿದ್ಯಾಲಯ ಪ್ರೇಮಕುಮಾರನನ್ನು ಪಾಠ ಮಾಡಲೆಂದು ತೆಗೆದುಕೊಂಡಿತ್ತು. ತೆಗೆದುಕೊಂಡ ಮೇಲೆ ಪಾಠದ ಜೊತೆಗೆ ಹಾಸ್ಟೆಲಿನ ಅಡುಗೆ ಸಮಿತಿ, ಸ್ವಚ್ಛತಾ ಸಮಿತಿ, ಸಾಂಸ್ಕೃತಿಕ ಸಮಿತಿ, ಪರೀಕ್ಷೆಯ ಜಾಗೃತ ದಳ, ಬಂದ ಗಣ್ಯರಿಗೆ ಹೂಗುಚ್ಛ ಹಿಡಿದು ನಿಲ್ಲುವುದು, ಇಷ್ಟನ್ನೂ ಕೊಟ್ಟಿತು. ಕೊಡುತ್ತಿದ್ದವರು ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಶಶಿಕಾಂತ. “ಪ್ರೇಮಕುಮಾರ, ನಿಮ್ಮ ಮ್ಯಾಲೆ ನನಗ ಭಾಳ ವಿಶ್ವಾಸ ಐತ್ರಿ” ಎಂದು ಅವರು ಅಂದರೆಂದರೆ ಇನ್ನೊಂದು ಸಮಿತಿ ತಲೆಗೆ ಬಂತೆಂದೇ ಅರ್ಥ. ಇಲ್ಲವೆನ್ನುವ ಹಾಗಿರಲಿಲ್ಲ. ಎರಡು ವರ್ಷದ ಪ್ರೊಬೇಷನ್ ಮುಗಿಯುವುದರಲ್ಲಿತ್ತು. ಈತನ ಕೆಲಸ ಖಾಯಂ ಆಗಲಿ ಎಂದು ಶಶಿಕಾಂತರು ಬರೆದುಕೊಡಬೇಕಿತ್ತು.

ಕೆಲಸ ಖಾಯಂ ಆಗುವುದಕ್ಕೆ ಇನ್ನೂ ಒಂದು ಸಂಗತಿ ಕಾಯುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಕೊಟ್ರಪ್ಪನವರ ಮಗಳು ಭುವನಾ ದನದ ಡಾಕ್ಟರು. ಕನ್ಯೆ ನೋಡಲು ಹೋದಾಗ ಪ್ರೇಮಕುಮಾರ ಪ್ರೊಫೆಸರಿಗೆ ತಕ್ಕ ಗಾಂಭೀರ್ಯದಿಂದ ಮಿರ್ಚಿ ಭಜಿ ತಿನ್ನಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡಿದ್ದ. ಹುಡುಗಿ ಎದ್ದು ಬಂದು, ಕರುವಿನ ಬೆನ್ನಿಗೆ ಬಡಿಯುವಂತೆ ಬಡಿದು ಅದನ್ನು ಹೊರಗೆ ಹಾಕಿಸಿದ್ದಳು. ಅಷ್ಟರಲ್ಲಿ ಇಬ್ಬರಿಗೂ ನಗು ಬಂದು, ಎರಡೂ ಕಡೆಯವರು ಒಪ್ಪಿದ್ದರು. ಕೆಲಸ ಖಾಯಂ ಆದ ಮೇಲೆ ಲಗ್ನ ಎಂದು ಕೊಟ್ರಪ್ಪನವರ ಕರಾರು.

ಹೀಗಿರುವಾಗ ಒಂದು ಭಾನುವಾರ ಪ್ರೇಮಕುಮಾರ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ‘ಯುವ ಪ್ರಾಧ್ಯಾಪಕರು ಯಶಸ್ವಿಯಾಗುವುದು ಹೇಗೆ’ ಎಂಬ ಆನ್‌ಲೈನ್ ತರಬೇತಿಗೆ ಕುಳಿತ. ದಿಲ್ಲಿಯಿಂದ ಒಬ್ಬ ಡಾಕ್ಟರ್ ಸಾಹೇಬರು ಟೈ ಕಟ್ಟಿಕೊಂಡು ಮಾತಾಡಿದರು. ಗಂಭೀರವಾಗಿರಿ, ಕಡಿಮೆ ಮಾತಾಡಿ, ಆಗ ಜಗತ್ತು ತಾನಾಗಿ ನಿಮ್ಮನ್ನು ಗೌರವಿಸುತ್ತದೆ ಎಂದರು. ಕೊನೆಗೆ, ಪ್ರಾಧ್ಯಾಪಕನ ನಿಜವಾದ ಬೆಲೆ ಇರುವುದು ಅವನ ಎಚ್-ಇಂಡೆಕ್ಸಿನಲ್ಲಿ ಎಂದರು. ನೀವು ಬರೆದ ಲೇಖನಗಳನ್ನು ಬೇರೆ ವಿದ್ವಾಂಸರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂಬುದರ ಮೇಲೆ ಹಾಕುವ ಅಂಕ ಅದು. ಪ್ರೇಮಕುಮಾರ ಆ ತನಕ ಬರೆದದ್ದು ಒಂದೇ ಲೇಖನ, ಬ್ಯಾಡಗಿ ಮೆಣಸಿನಕಾಯಿ ಬೆಲೆಯ ಏರಿಳಿತದ ಮೇಲೆ. ತನ್ನ ಅಂಕ ಎಷ್ಟೆಂದು ಹುಡುಕಿ ನೋಡಿದ. ಪರದೆಯ ಮೇಲೆ ಒಂದು ಸೊನ್ನೆ, ತಾಟಿನಷ್ಟು ದೊಡ್ಡದಾಗಿ, ಅವನನ್ನೇ ನೋಡುತ್ತಿತ್ತು.

ತಾಯಿ ಚೌಡವ್ವ ರೊಟ್ಟಿ, ಎಣಗಾಯಿ ಪಲ್ಯ ತಂದಿಟ್ಟಳು. ಮಗ ಮುಟ್ಟಲಿಲ್ಲ.

“ಯಾಕೋ ತಮ್ಮಾ, ರೊಟ್ಟಿ ಒಲ್ಲ್ಯಾ? ಮಾರಿ ಯಾಕ ಹಿಂಗ ಸಣ್ಣದಾಗೇತಿ?”

“ನಂದು ಎಚ್-ಇಂಡೆಕ್ಸ್ ಸೊನ್ನಿ ಐತಿ ಯವ್ವಾ.”

“ಹಂಗಂದ್ರ?”

ಸಾಮಾನ್ಯ ಮನುಷ್ಯನಾಗಿದ್ದರೆ, ‘ನಾ ಬರದದ್ದನ್ನ ಯಾರೂ ಓದಿಲ್ಲವ್ವಾ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಆದರೆ ಬೋರ್ಡು ಬರೆಸಿದ ಮೇಲೆ ಮನುಷ್ಯನಿಗೆ ಹಾಗೆ ಮಾತಾಡಲಾಗುವುದಿಲ್ಲ.

“ಅದು ನಿನಗ ತಿಳಿಯೂದಲ್ಲ ಬಿಡು” ಎಂದ.

“ಎಷ್ಟ ಇರಬೇಕು ಅಷ್ಟರೆ ಹೇಳು.”

“ನನ್ನ ವಯಸ್ಸಿನವರಿಗೆ ಐದಾರ ಇರಬೇಕು. ದೊಡ್ಡವರಿಗೆ ಮೂವತ್ತು, ನಲವತ್ತು ಇರತೈತಿ.”

“ಏರಸಾಕ ಬರೂದಿಲ್ಲನು?”

“ಬರತೈತಿ. ಆದ್ರ ಬ್ಯಾರೆಯವರು ಕೊಡಬೇಕು. ನಮ್ಮದು ನಾವ ಕೊಟ್ಕೊಂಡ್ರ ಲೆಕ್ಕಕ್ಕ ಹಿಡಿಯೂದಿಲ್ಲ.”

“ನಾ ಕೊಡತೀನೋ ನನ್ನಪ್ಪಾ!”

“ನೀ ಕೊಟ್ರ ನಡಿಯೂದಿಲ್ಲವ್ವಾ. ಕಲಿತವರ ಕೊಡಬೇಕು.”

ಹೀಗೆ ಹೇಳಿ ಪ್ರೇಮಕುಮಾರ, ತರಬೇತಿಯಲ್ಲಿ ಕಲಿಸಿದಂತೆ, ಗಂಭೀರನಾಗಿ ಗೋಡೆ ನೋಡುತ್ತ ಕುಳಿತ. ಚೌಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯ ಬಿಸ್ಮಿಲ್ಲಾಬಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡು ಮೂರೂ ಇದ್ದುದರಿಂದ ಆ ಓಣಿಗೆ ಬೇರೆ ವೈದ್ಯಕೀಯ ಕಾಲೇಜಿನ ಅಗತ್ಯವಿರಲಿಲ್ಲ. ಆಕೆ ಎಲ್ಲವನ್ನೂ ಕೇಳಿ ಕಣ್ಣು ಮುಚ್ಚಿದಳು.

“ಎಚ್ ಅಂದ್ರ ಎಚ್.ಬಿ. ಅಕ್ಕಾ. ರಕ್ತದ ಲೆಕ್ಕ. ನಂದು ಒಂಬತ್ತಕ್ಕ ಇಳದಾಗ ಡಾಕ್ಟರ ಗಾಬರಿ ಆಗಿದ್ರು. ನಮ್ಮ ನಾದಿನಿದು ಏಳಕ್ಕ ಇಳದಾಗ ಬಾಟ್ಲಿ ಏರಿಸಿದ್ರು.”

“ಸೊನ್ನಿಗೆ ಇಳದ್ರ?”

ಬಿಸ್ಮಿಲ್ಲಾಬಿ ಕಟ್ಟೆಯ ಮೇಲೆ ಕುಸಿದು ಕುಳಿತಳು. “ಸೊನ್ನಿಗೆ ಇಳದವರನ್ನ ನಾ ಜೀವಂತ ನೋಡಿಲ್ಲ.”

“ಮತ್ತ ದಿನಾ ಬಸ್ಸಿನ್ಯಾಗ ನಿಂತ್ಕೊಂಡ ಹಾವೇರಿಗೆ ಹೋಗಿ ಬರತಾನಲ್ಲ?”

“ಅದು ಅಲ್ಲಾನ ಕರಾಮತ್ತು. ಅವಗ ಇನ್ನೂ ಅದರ ಅರ್ಥ ಆಗಿಲ್ಲ ಅಕ್ಕಾ. ಅವಂದು ಅರ್ಥಶಾಸ್ತ್ರ, ರಕ್ತದ್ದು ಅವಗೇನ ತಿಳೀತೈತಿ? ಅವನ ಮುಂದ ಯಾರೂ ಬಾಯಿ ಬಿಡಬ್ಯಾಡ್ರಿ. ಗೊತ್ತಾದ್ರ ನಿಂತಲ್ಲೇ ಬೀಳತಾನ.”

“ಕಲಿತವರ ರಕ್ತನ ಬೇಕಂತ ಬಿಸ್ಮಿಲ್ಲಾಬಿ.”

“ಹಂಗೂ ಒಂದು ಗುಂಪು ಇರಬೇಕು ಬಿಡ್ರಿ. ದಿನಾ ಹೊಸಾ ಹೊಸಾವು ಬರಾಕತ್ಯಾವು.”

ಮರುದಿನದಿಂದ ಪ್ರೇಮಕುಮಾರನ ಜೀವನ ಬದಲಾಯಿತು. ಬೆಳಿಗ್ಗೆ ಏಳುತ್ತಲೇ ಬೀಟ್‌ರೂಟಿನ ರಸ, ನಾಷ್ಟಾದ ಜೊತೆ ದಾಳಿಂಬೆ, ಮಧ್ಯಾಹ್ನದ ಡಬ್ಬಿಯಲ್ಲಿ ನುಗ್ಗೆಸೊಪ್ಪು, ಸಂಜೆ ಖರ್ಜೂರ. ಅವನು ಹಾದುಹೋದರೆ ಕಟ್ಟೆಯ ಮೇಲಿನ ಹಿರಿಯರು ಎದ್ದು ನಿಲ್ಲತೊಡಗಿದರು. ಬಿಸ್ಮಿಲ್ಲಾಬಿಯ ಗಂಡ ಯೂಸುಫಸಾಬ ಟೇಲರ್. ದೀಪಾವಳಿಯಿಂದ ‘ನಾಳಿ ಕೊಡತೀನ್ರಿ’ ಎಂದು ಸತಾಯಿಸುತ್ತಿದ್ದ ಸಫಾರಿ ಸೂಟನ್ನು ಒಂದೇ ದಿನದಲ್ಲಿ ಹೊಲಿದು ಮನೆಗೆ ತಂದುಕೊಟ್ಟ. ಕೂಲಿ ಕೊಡಲು ಹೋದರೆ ಕಣ್ಣೊರೆಸಿಕೊಂಡು, “ಇರಲಿ ಬಿಡ್ರಿ ಸರ, ಹಾಕ್ಕೊಂಡು ಒಂದೀಟು ಅಡ್ಡಾಡ್ರಿ, ನಾವು ಕಣ್ತುಂಬ ನೋಡತೀವಿ” ಎಂದ.

ತರಬೇತಿ ಕೆಲಸ ಮಾಡುತ್ತಿದೆ ಎಂದು ಪ್ರೇಮಕುಮಾರನಿಗೆ ಖಾತ್ರಿಯಾಯಿತು. ಒಂದೇ ದಿನ ಗಂಭೀರವಾಗಿದ್ದುದಕ್ಕೆ ಇಷ್ಟು ಗೌರವ! ಇನ್ನಷ್ಟು ಗಂಭೀರನಾದ. ಅವನು ಗಂಭೀರನಾದಷ್ಟೂ ಓಣಿ ಅಳತೊಡಗಿತು.

ಪರಮೇಶಪ್ಪನವರು ಅಂಗಡಿಗೆ ಬೀಗ ಹಾಕಿ ನೇರವಾಗಿ ಹಾವೇರಿಗೆ ಹೋಗಿ ಶಶಿಕಾಂತರ ಎದುರು ನಿಂತರು.

“ಸರ, ನಮ್ಮ ಹುಡುಗನ ರಕ್ತ ಸೊನ್ನಿಗೆ ಬಂದೈತ್ರಿ.”

“ಏನಂದ್ರಿ? ಕುಂದರ್ರಿ, ಕುಂದರ್ರಿ. ಯಾವ ಡಾಕ್ಟರ್ ಹೇಳಿದ್ರು?”

“ದಿಲ್ಲಿ ಡಾಕ್ಟರ್ರೀ. ಲ್ಯಾಪ್‌ಟಾಪಿನ್ಯಾಗ ನೋಡಿ ಹೇಳ್ಯಾರ. ಟೈ ಕಟ್ಟಿದ್ರು, ನಾನೂ ನೋಡೇನ್ರಿ.”

ಹುಬ್ಬಳ್ಳಿ ಡಾಕ್ಟರೆಂದಿದ್ದರೆ ಶಶಿಕಾಂತರು ಇನ್ನೊಬ್ಬರಿಗೆ ತೋರಿಸಿ ಎನ್ನುತ್ತಿದ್ದರೇನೋ. ದಿಲ್ಲಿ ಎಂದ ಮೇಲೆ ಸಂಶಯಕ್ಕೆ ಜಾಗವಿರಲಿಲ್ಲ.

“ಅವಗ ಗೊತ್ತಿಲ್ರಿ” ಎಂದರು ಪರಮೇಶಪ್ಪ. “ನೀವೂ ಹೇಳಬ್ಯಾಡ್ರಿ. ರಕ್ತ ಕೊಡೂದಾದ್ರ ಕಲಿತವರದ ಬೇಕಂತ್ರಿ. ಕೆಲಸ ಒಂದೀಟು ಕಡಿಮಿ ಮಾಡಿದ್ರ…”

ಶಶಿಕಾಂತರು ಕರುಣಾಮಯಿ. ಅದಕ್ಕಿಂತ ಹೆಚ್ಚಾಗಿ ದೂರದೃಷ್ಟಿಯುಳ್ಳವರು. ಮನುಷ್ಯ ಮನೆಯಲ್ಲಿ ಸತ್ತರೆ ವಿಭಾಗಕ್ಕೆ ಒಂದು ಸಂತಾಪ ಸಭೆ. ಹಾಸ್ಟೆಲಿನ ಸಾಂಬಾರಿನ ರುಚಿ ನೋಡುತ್ತ ಸತ್ತರೆ ವಿಚಾರಣಾ ಸಮಿತಿ. ಅಂದೇ ಸಂಜೆಯೊಳಗೆ ಪ್ರೇಮಕುಮಾರನ ಎಲ್ಲ ಸಮಿತಿಗಳೂ ಬೇರೆಯವರ ತಲೆಗೆ ಹೋದವು. ಖಾಯಮಾತಿಯ ವರದಿಯಲ್ಲಿ ಶಶಿಕಾಂತರು, ‘ಇವರ ಸೇವೆಯನ್ನು ವಿಭಾಗ ಎಂದೆಂದಿಗೂ ಮರೆಯಲಾರದು’ ಎಂದು ಸಹಿ ಹಾಕಿ ಕಳಿಸಿದರು. ಸಾಯುವವನಿಗೆ ಖಾಯಮಾತಿ ಕೊಡುವುದರಿಂದ ಯಾರಿಗೆ ಏನು ನಷ್ಟ?

ಮರುದಿನ ಸ್ಟಾಫ್ ರೂಮಿನಲ್ಲಿ ಪ್ರೇಮಕುಮಾರ ಕಾಲಿಟ್ಟಾಗ ಕಿಟಕಿಯ ಪಕ್ಕದ ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟರು. ಆ ಕುರ್ಚಿಗಾಗಿ ಇತಿಹಾಸ ವಿಭಾಗಕ್ಕೂ ಗಣಿತ ವಿಭಾಗಕ್ಕೂ ಮಾತು ಬಿಟ್ಟು ಹೋಗಿತ್ತು. ಸಸ್ಯಶಾಸ್ತ್ರದ ನಿರ್ಮಲಾ ಮೇಡಂ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಸರ, ನಿಮ್ಮ ಮನಸಿನ್ಯಾಗ ಏನರೆ ಆಸೆ ಐತೇನ್ರಿ? ಸಂಕೋಚ ಮಾಡ್ಕೋಬ್ಯಾಡ್ರಿ.”

ಪ್ರೇಮಕುಮಾರ ಯೋಚಿಸಿದ. ಕಡಿಮೆ ಮಾತಾಡಬೇಕೆಂದು ನೆನಪಾಯಿತು.

“ಏನಿಲ್ರಿ ಮೇಡಂ. ನನ್ನ ಮೆಣಸಿನಕಾಯಿ ಪೇಪರನ್ನ ಯಾರರೆ ಒಬ್ಬರು ತಮ್ಮ ಪೇಪರಿನ್ಯಾಗ ಹೆಸರಿಸಿದ್ರ ಸಾಕು. ಮತ್ತೇನೂ ಬ್ಯಾಡ.”

ನಿರ್ಮಲಾ ಮೇಡಂ ಮುಖ ತಿರುಗಿಸಿಕೊಂಡು ಹೊರಗೆ ಹೋದರು. ದೈಹಿಕ ಶಿಕ್ಷಣದ ಹೊಳಿಯಪ್ಪ ಸರ್ ಗುಂಡು ಎಸೆದು ಎಸೆದು ಗಟ್ಟಿಯಾದ ಮನುಷ್ಯ. ಅವರೂ ಸೀಟಿಯನ್ನು ಕಚ್ಚಿ ಹಿಡಿದು ಅಳು ತಡೆದರು.

ಸಾಯುವವನ ಕೊನೆಯ ಆಸೆ ಎಂದರೆ ಸುಮ್ಮನೆಯೇ? ಇಡೀ ವಿಶ್ವವಿದ್ಯಾಲಯ ಲೇಖನ ಬರೆಯಲು ಕುಳಿತಿತು. ಹೊಳೆಯ ಪಾಚಿಯ ಮೇಲೆ ನಿರ್ಮಲಾ ಮೇಡಂ ಬರೆದ ಲೇಖನದಲ್ಲಿ, ‘ಪಾಚಿ ಹಸಿರು; ಒಣಗುವ ಮುಂಚೆ ಮೆಣಸಿನಕಾಯಿಯೂ ಹಸಿರು (ನೋಡಿ: ಪ್ರೇಮಕುಮಾರ)’ ಎಂಬ ವಾಕ್ಯ ಬಂತು. ಕಬಡ್ಡಿ ಆಟಗಾರರ ಮೊಣಕಾಲಿನ ನೋವಿನ ಬಗ್ಗೆ ಹೊಳಿಯಪ್ಪ ಸರ್ ಬರೆದರು: ‘ನೋವು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಮೆಣಸಿನಕಾಯಿಯ ಬೆಲೆಯಲ್ಲೂ ಇದನ್ನು ಕಾಣಬಹುದು (ನೋಡಿ: ಪ್ರೇಮಕುಮಾರ).’ ಇತಿಹಾಸದವರು ವಿಜಯನಗರದ ಪತನಕ್ಕೆ, ಗಣಿತದವರು ಒಂದು ಪ್ರಮೇಯಕ್ಕೆ ಮೆಣಸಿನಕಾಯಿಯ ಬೆಂಬಲ ಪಡೆದರು. ಹಣವಿಲ್ಲ, ಕಾಗದವಿಲ್ಲ, ಪುರುಸೊತ್ತಿಲ್ಲ ಎಂದು ವರ್ಷಗಟ್ಟಲೆ ನಿಂತುಹೋಗಿದ್ದ ವಿಶ್ವವಿದ್ಯಾಲಯದ ಸಂಶೋಧನಾ ಪತ್ರಿಕೆ ಒಂದೇ ತಿಂಗಳಲ್ಲಿ ಹೊರಬಂತು. ಪಾಂಡಿತ್ಯಕ್ಕೆ ಮೃತ್ಯುವಿನಷ್ಟು ಪ್ರೋತ್ಸಾಹ ಕೊಡುವ ಇನ್ನೊಂದು ಯೋಜನೆಯನ್ನು ಸರಕಾರ ಇನ್ನೂ ಕಂಡುಹಿಡಿದಿಲ್ಲ.

ಪ್ರೇಮಕುಮಾರ ಲ್ಯಾಪ್‌ಟಾಪ್ ತೆರೆದ. ಎಚ್-ಇಂಡೆಕ್ಸಿನ ನಿಯಮ ಕಠಿಣ. ಒಂದೇ ಲೇಖನ ಬರೆದವನನ್ನು ಊರೆಲ್ಲ ಹೆಸರಿಸಿದರೂ ಅಂಕ ಒಂದನ್ನು ದಾಟುವುದಿಲ್ಲ. ಆದರೂ ಸೊನ್ನೆ ಹೋಗಿ ಒಂದು ನಿಂತಿತ್ತು.

“ಯವ್ವಾ, ಒಂದಕ್ಕ ಬಂತು!” ಎಂದು ಕೂಗಿದ.

ಚೌಡವ್ವ ದೇವರ ಮುಂದೆ ದೀಪ ಹಚ್ಚಿ, ಬೀಟ್‌ರೂಟನ್ನು ದುಪ್ಪಟ್ಟು ಮಾಡಿದಳು.

ಇತ್ತ ಬ್ಯಾಡಗಿಗೆ ಸುದ್ದಿ ಮುಟ್ಟಿಸಿದವನು ಪ್ರೇಮಕುಮಾರನ ಸೋದರಮಾವ ಉಡಚಪ್ಪ. ಸಂಬಂಧ ಕುದುರಿಸಿದವನೂ ಅವನೇ. ಬ್ಯಾಡಗಿ ಬಸ್ಸಿನ ಕಂಡಕ್ಟರನಾದ್ದರಿಂದ ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡು ಒಂದು ಸ್ಟಾಪು ದಾಟಿ ಗೊತ್ತಿಲ್ಲ. ಕೊಟ್ರಪ್ಪನವರ ಅಂಗಡಿಯಲ್ಲಿ ಕೆಂಪು ರಾಶಿಗಳ ನಡುವೆ ನಿಂತು, ಎರಡು ಸಲ ಸೀನಿ, ವಿಷಯ ಹೇಳಿದ.

“ಆದ್ರ ನಾವು ನೋಡಿದಾಗ ಹುಡುಗ ಕೆಂಪಗ ಇದ್ನಲ್ಲೋ ಉಡಚಪ್ಪ?”

“ಮಿರ್ಚಿ ಸಿಕ್ಕೊಂಡಿತ್ತಲ್ರಿ ಮಾವಾರ, ಅದಕ್ಕ. ಈಗಂತೂ ಇನ್ನೂ ಕೆಂಪಗ ಅದಾನ್ರಿ. ಮೂರೂ ಹೊತ್ತು ಬೀಟ್‌ರೂಟ್ ತಿನ್ನಸಾಕತ್ತೇವಿ.”

ಕೊಟ್ರಪ್ಪನವರು ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗೆ ಹಾಕಿದರು. “ಅಂದ್ರ ಬಣ್ಣ ಹಾಕಿದ ಮಾಲು! ಮೂವತ್ತು ವರ್ಷ ಆತು, ನನ್ನ ಅಂಗಡ್ಯಾಗ ಬಣ್ಣ ಹಾಕಿದ ಮಾಲು ಹೊಕ್ಕಿಲ್ಲ. ಮನಿಯಾಗ ಹೊಗಸಲ್ಯಾ?”

ಭುವನಾ ಅಲ್ಲೇ ಇದ್ದಳು. “ಅಪ್ಪಾ, ರಕ್ತ ಸೊನ್ನಿಗೆ ಬಂದ್ರ ಎಮ್ಮಿ ಸೈತ ನಿಂದ್ರೂದಿಲ್ಲ. ಈ ಮನಷ್ಯಾ ನಿಂತು ಪಾಠ ಮಾಡಾಕತ್ತಾನಂದ್ರ ಏನೋ ತಪ್ಪೈತಿ. ಹೋಗಿ ನೋಡೂಣು.”

ನೋಡಲು ಸಂದರ್ಭವೂ ಒದಗಿತು. ಹೊಸ ಪತ್ರಿಕೆಯ ಬಿಡುಗಡೆ, ಜೊತೆಗೆ ರಕ್ತದಾನ ಶಿಬಿರ ಎಂದು ವಿಶ್ವವಿದ್ಯಾಲಯ ದೊಡ್ಡ ಸಮಾರಂಭ ಇಟ್ಟುಕೊಂಡಿತ್ತು. ರೋಗಿಗೆ ಗೊತ್ತಾಗಬಾರದೆಂದು ಬ್ಯಾನರಿನಲ್ಲಿ ಅವನ ಹೆಸರು ಹಾಕಿರಲಿಲ್ಲ. ‘ಕಲಿತವರ ರಕ್ತವೇ ಬೇಕು’ ಎಂಬ ಪರಮೇಶಪ್ಪನವರ ಮಾತನ್ನು ಮಾತ್ರ ಕುಲಸಚಿವರು ಗಂಭೀರವಾಗಿ ಪಾಲಿಸಿದ್ದರು. ಪಿಎಚ್.ಡಿ. ಆದವರಿಗೆ ಮೊದಲ ಸಾಲು, ಆಗದವರಿಗೆ ಎರಡನೆಯ ಸಾಲು. ರಾಣೆಬೆನ್ನೂರಿನಿಂದ ಓಣಿಗೆ ಓಣಿಯೇ ಬಂದಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಯೂಸುಫಸಾಬ, “ನಾ ಪ್ರೊಫೆಸರಗೋಳ ಅಂಗಿ ಹೊಲದೇನ್ರಿ, ಒಂದೀಟರೆ ವಿದ್ಯಾ ಹತ್ತಿರತೈತಿ” ಎಂದು ವಾದಿಸಿ ಸೀದಾ ಹೋಗಿ ಮಂಚದ ಮೇಲೆ ಮಲಗಿ ತೋಳು ಚಾಚಿದ್ದ.

ಕುಲಪತಿಗಳು ಭಾಷಣ ಮಾಡಿದರು. “ಪ್ರೇಮಕುಮಾರ ಅವರು ನಮ್ಮೊಂದಿಗೆ ಇದ್ದಷ್ಟು ದಿನ ನಮಗೆ ಬೆಳಕಾಗಿದ್ದರು. ಅವರು ಎಲ್ಲೇ ಹೋದರೂ ನಮ್ಮ ನೆನಪಿನಲ್ಲಿ ಇರುತ್ತಾರೆ.”

ತನ್ನನ್ನು ಇನ್ನೂ ದೊಡ್ಡ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿದ್ದಾರೆಂದು ಪ್ರೇಮಕುಮಾರ ಹೊಸ ಸಫಾರಿಯಲ್ಲಿ ಎದೆಯುಬ್ಬಿಸಿದ. ಇಂಥ ಹೊತ್ತಿನಲ್ಲಿ ತಾನೂ ಏನಾದರೂ ಉದಾತ್ತವಾದುದನ್ನು ಮಾಡಬೇಕೆಂದು ಅನ್ನಿಸಿ, ವೇದಿಕೆ ಇಳಿದು ಶಿಬಿರದ ಖಾಲಿ ಮಂಚದ ಮೇಲೆ ಮಲಗಿದ.

“ನಂದೂ ತಗೋರಿ ಡಾಕ್ಟರ.”

ಚೌಡವ್ವ ಕುರ್ಚಿಗಳನ್ನು ದಾಟಿಕೊಂಡು ಓಡಿಬಂದಳು. “ತಗೀಬ್ಯಾಡ್ರೆಪೋ! ಅವಂದು ಒಂದ ಐತಿ! ಅದೂ ಮೊನ್ನೆ ಮೊನ್ನೆ ಬಂದೈತಿ!”

“ಏನು ಒಂದು?” ಎಂದರು ಶಿಬಿರದ ಡಾಕ್ಟರ್. ಮಧ್ಯವಯಸ್ಸಿನ, ಬೆಳಗಿನ ಚಹಾ ಕೂಡ ಸಿಕ್ಕಿರದ ಹೆಣ್ಣುಮಗಳು. ಬೆರಳು ಚುಚ್ಚಿ ಒಂದು ಹನಿ ತೆಗೆದು ಯಂತ್ರಕ್ಕೆ ಹಾಕಿದರು. ಯಂತ್ರ ನೋಡಿದರು, ಪ್ರೇಮಕುಮಾರನನ್ನು ನೋಡಿದರು.

“ಹದಿನಾರ ಐತಿ. ಇವರ ರಕ್ತ ಇನ್ನಿಬ್ಬರಿಗೆ ಸಾಕಾಗತೈತಿ. ಏನ ತಿಂತೀರಿ?”

“ಮತ್ತ ಸೊನ್ನಿ ಯಾವುದು?” ಎಂದು ಶಶಿಕಾಂತರು ಎದ್ದು ನಿಂತರು. ಅವರ ದನಿಯಲ್ಲಿ ಸಂತೋಷಕ್ಕಿಂತ ಮೋಸಹೋದವನ ಸಂಕಟವೇ ಹೆಚ್ಚಾಗಿತ್ತು.

“ಸೊನ್ನಿ ಅದು ಎಚ್-ಇಂಡೆಕ್ಸ್ ಅಲ್ರಿ ಸರ?” ಎಂದ ಪ್ರೇಮಕುಮಾರ, ಮಲಗಿದಲ್ಲಿಂದಲೇ. “ನೀವೆಲ್ಲಾ ನನ್ನ ಪೇಪರ್ ಹೆಸರಿಸಿದ ಮ್ಯಾಲೆ ಒಂದಕ್ಕ ಬಂದೈತಿ.”

ಮೊದಲು ಅರ್ಥವಾದದ್ದು ಮೊದಲ ಸಾಲಿಗೆ. ನಿರ್ಮಲಾ ಮೇಡಂ ತಲೆಯ ಮೇಲೆ ಕೈಯಿಟ್ಟುಕೊಂಡರು. “ನನ್ನ ಪಾಚಿಯೊಳಗ ಮೆಣಸಿನಕಾಯಿ ತುರಕೇನಲ್ರೀ! ಈಗ ಹೆಂಗ ತೆಗೀಲಿ?” ಹೊಳಿಯಪ್ಪ ಸರ್ ಜೋರಾಗಿ ಸೀಟಿ ಊದಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಪಕ್ಕದ ಮಂಚದಿಂದ ಯೂಸುಫಸಾಬ ಕೊಳವೆಯನ್ನು ನೋಡುತ್ತ, “ಡಾಕ್ಟರಮ್ಮಾ, ನಂದು ವಾಪಸ್ ಹೊಳ್ಳಸಾಕ ಬರತೈತೇನ್ರಿ?” ಎಂದು ಕೇಳಿದ.

ಎಲ್ಲರ ಹಿಂದೆ ಒಬ್ಬ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಭುವನಾ.

“ಎಚ್-ಇಂಡೆಕ್ಸ್ ಅಂತ! ಅಪ್ಪಾ, ಅದು ನನಗೂ ಐತಿ. ಮೂರು!”

ಕೊಟ್ರಪ್ಪನವರು ಮಗಳ ತೋಳು ಹಿಡಿದುಕೊಂಡರು. “ಯವ್ವಾ… ನಿನಗೂ ಅಂಟೇತೇನು? ಯಾವಾಗಿಂದ? ಮನಿಯಾಗ ಯಾಕ ಹೇಳಲಿಲ್ಲ?”

ಆಡಿನ ಹೊಟ್ಟೆಹುಳದ ಬಗ್ಗೆ ತಾನು ಕಾಲೇಜಿನಲ್ಲಿದ್ದಾಗ ಬರೆದ ಲೇಖನಗಳ ಅಂಕವದು ಎಂದು ಆಕೆ ತಿಳಿಸಿ ಹೇಳುವಷ್ಟರಲ್ಲಿ ಕೊಟ್ರಪ್ಪನವರಿಗೆ ಎರಡು ಗ್ಲಾಸು ನೀರು ಬೇಕಾದವು. ಆ ಮೇಲೆ ಅವರು ವ್ಯಾಪಾರಸ್ಥರಾದರು. ಪ್ರೇಮಕುಮಾರನ ಬೆರಳನ್ನು ಹಿಡಿದು, ಚುಚ್ಚಿದಲ್ಲಿ ಒತ್ತಿ, ಬಂದ ಹನಿಯನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಧೋತರಕ್ಕೆ ಒರೆಸಿ ಮತ್ತೊಮ್ಮೆ ನೋಡಿದರು.

“ಬಣ್ಣ ಹಾಕಿದ್ದಲ್ಲ. ಖರೇ ಮಾಲು” ಎಂದರು.

ಭುವನಾ ಮಂಚದ ಬಳಿ ಬಂದು ನಿಂತಳು. ಪ್ರೇಮಕುಮಾರ ಎದ್ದು ಕುಳಿತ. ಗಂಭೀರನಾಗಲು ನೋಡಿದ, ಆಗಲಿಲ್ಲ.

“ಅವ್ವಾರು ಕೇಳಿದಾಗ ಯಾಕ ಬಿಡಿಸಿ ಹೇಳಲಿಲ್ರಿ?”

“ತಿಳಿಯೂದಿಲ್ಲ ಅಂತ…”

“ನಾ ಎಮ್ಮಿಗೆ ಸೂಜಿ ಮಾಡೂ ಮುಂದ ಸೈತ, ಏನ ಮಾಡತೀನಿ ಅಂತ ಅದಕ್ಕ ಹೇಳೇ ಮಾಡತೀನಿ. ನೀವು ಹಡದವ್ವಗ ಹೇಳಲಿಲ್ಲ? ಹೋಗ್ರಿ, ಹೇಳ್ರಿ. ಆಮ್ಯಾಲೆ ಲಗ್ನದ ಮಾತು.”

ಪ್ರೇಮಕುಮಾರ ತಾಯಿಯ ಪಕ್ಕದ ಕುರ್ಚಿಗೆ ಹೋಗಿ ಕುಳಿತು, ನೌಕರಿಗೆ ಸೇರಿದ ಮೇಲೆ ಮೊದಲ ಬಾರಿಗೆ ಒಂದು ವಿಷಯವನ್ನು ಯಾರಿಗಾದರೂ ಅರ್ಥವಾಗುವಂತೆ ವಿವರಿಸಿದ. ಚೌಡವ್ವ ಪೂರ್ತಿ ಕೇಳಿದಳು.

“ಅಂದ್ರ ನೀ ಬರದದ್ದನ್ನ ಯಾರೂ ಓದಿಲ್ಲ.”

“ಇಲ್ಲವ್ವಾ.”

“ಇಷ್ಟ ಹೌದಲ್ಲೋ? ಮೊದಲ ಹೇಳಬಾರದಾಗಿತ್ತೇನು? ಜಡ್ಡು ಅಂತ ತಿಳದು ನಾ ನಾಲ್ಕ ಮಂದಿಗೆ ಹೇಳಿದ್ನಿ. ಇಂಥಾ ಮರ್ಯಾದಿ ಹೋಗೂ ಸಂಗತೀನ ನಾ ಬಿಸ್ಮಿಲ್ಲಾಬಿಗೂ ಹೇಳತಿರಲಿಲ್ಲ. ಹೊಟ್ಟ್ಯಾಗ ಇಟ್ಕೊಂಡು ಸುಮ್ನಿರತಿದ್ದೆ.”

ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಿಂಗಳಿಂದ ಮಗನ ಎದುರು ತಡೆದಿಟ್ಟುಕೊಂಡಿದ್ದ ಅಳು. ಪ್ರೇಮಕುಮಾರನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ದಿಲ್ಲಿಯವರು ಅದನ್ನು ಹೇಳಿಕೊಟ್ಟಿರಲಿಲ್ಲ. ತಾಯಿಯ ಕೈ ಹಿಡಿದುಕೊಂಡು ಕುಳಿತ.

ವಿಶ್ವವಿದ್ಯಾಲಯದಲ್ಲಿ ಎರಡು ದಿನ ದೊಡ್ಡ ಗದ್ದಲವಾಯಿತು. ಶಶಿಕಾಂತರು ಕುಲಪತಿಗಳ ಬಳಿ ಹೋಗಿ, ಖಾಯಮಾತಿಯ ವರದಿಯನ್ನು ವಾಪಸು ಕೊಡಿ, ಸಾಯುತ್ತಾನೆಂಬ ನಂಬಿಕೆಯ ಮೇಲೆ ಬರೆದದ್ದು ಎಂದರು. ಕುಲಪತಿಗಳು ಲೆಕ್ಕ ಹಾಕುವ ಮನುಷ್ಯ. ವಿಶ್ವವಿದ್ಯಾಲಯ ಹುಟ್ಟಿದಂದಿನಿಂದ ಇಷ್ಟು ವಿದ್ವಾಂಸರು ಹೆಸರಿಸಿದ ಇನ್ನೊಂದು ಲೇಖನವಿರಲಿಲ್ಲ. ತಪಾಸಣಾ ತಂಡ ಬರುವುದರಲ್ಲಿತ್ತು.

“ಸತ್ತಿದ್ದರೆ ಸಂತಾಪ ಸೂಚಿಸುತ್ತಿದ್ದೆವು. ಬದುಕಿದ್ದಾರೆ, ಸಾಧನೆ ಎಂದು ತೋರಿಸೋಣ” ಎಂದು ಹೇಳಿ ಖಾಯಮಾತಿಯ ಆದೇಶಕ್ಕೆ ಸಹಿ ಮಾಡಿದರು. ಮರುವಾರ ಪ್ರೇಮಕುಮಾರ ‘ಸಂಶೋಧನಾ ಉತ್ತೇಜನ ಕೋಶ’ದ ನಿರ್ದೇಶಕನಾದ. ಬ್ಯಾಡಗಿಯಿಂದ ಲಗ್ನದ ಮುಹೂರ್ತ ಬಂತು.

ಅದಾದ ಮೇಲೆ ಒಂದು ಭಾನುವಾರ ಸಂಜೆ ಶಶಿಕಾಂತರು ಸೇಬುಹಣ್ಣಿನ ಚೀಲ ಹಿಡಿದು ರಾಣೆಬೆನ್ನೂರಿನ ಮನೆಗೆ ಬಂದರು. ಪ್ರೇಮಕುಮಾರ ಬ್ಯಾಡಗಿಗೆ ಹೋಗಿದ್ದ. ಅವನಿಲ್ಲವೆಂದು ಕೇಳಿ ಶಶಿಕಾಂತರಿಗೆ ಬೇಸರವಾದಂತೆ ಕಾಣಲಿಲ್ಲ. ಚಹಾ ಕುಡಿದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

“ಅವ್ವಾರ, ನಿಮ್ಮ ಮುಂದ ಮುಚ್ಚಿಡೂದೇನೈತಿ. ಇಪ್ಪತ್ತೆರಡು ವರ್ಷ ಸರ್ವಿಸ್ ಆತು, ನಂದು ಇನ್ನೂ ಎರಡ ಐತ್ರಿ. ನೀವು ನಮ್ಮ ಸ್ಟಾಫಿನವರಿಗೆ ಒಂದು ಫೋನ್ ಮಾಡಿ, ಶಶಿಕಾಂತ ಸರ್ರಿಗೆ ಏನೋ ಭಾಳ ದೊಡ್ಡ ಜಡ್ಡು ಬಂದಂಗೈತಿ ಅಂತ…”

ಚೌಡವ್ವ ಅವರನ್ನು ಕನಿಕರದಿಂದ ನೋಡಿದಳು.

“ಧೈರ್ಯಾ ಬಿಡಬ್ಯಾಡ್ರಿ ಸರ. ಎರಡಕ್ಕ ಏನೂ ಆಗೂದಿಲ್ಲ. ನಮ್ಮ ಹುಡುಗ ಸೊನ್ನಿಯೊಳಗ ಎರಡು ವರ್ಷ ಬದುಕಿದ. ಯಾರ ಮುಂದೂ ಹೇಳಿ ಹಗರಾಗಬ್ಯಾಡ್ರಿ. ಸುಮ್ನ ನಿಮ್ಮ ಕೆಲಸ ನೀವು ಮಾಡ್ಕೋತ ಹೋಗ್ರಿ, ಎಲ್ಲಾ ತಾನ ಬರತೈತಿ.”

ಶಶಿಕಾಂತರಿಗೆ ಆ ಮಾತು ಎಲ್ಲಿ ನಾಟಿತೋ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಗಂಟೆ ಬಾರಿಸಿದ ಕೂಡಲೇ ಪುಸ್ತಕ ಹಿಡಿದು ಎಂ.ಎ. ತರಗತಿಗೆ ಹೋದರು. ಹಾಜರಿ ಕೂಗಿದರು. ಪೂರ್ತಿ ಒಂದು ತಾಸು, ನಡುವೆ ಫೋನ್ ಎತ್ತದೆ, ಬೋರ್ಡಿನ ಮೇಲೆ ಬರೆದು ಪಾಠ ಮಾಡಿದರು. ಮುಖ್ಯಸ್ಥರಾದ ಮೇಲೆ ಅವರು ತರಗತಿಯ ಹೊಸಿಲು ತುಳಿದದ್ದನ್ನು ಆ ಮಕ್ಕಳಾರೂ ನೋಡಿರಲಿಲ್ಲ. ಮೊದಲ ಬೆಂಚಿನ ಹುಡುಗಿ ಪಕ್ಕದವಳ ಮುಖ ನೋಡಿದಳು. ಹಿಂದಿನ ಬೆಂಚಿನವರು ಮೆಲ್ಲಗೆ ಹೊರಗೆ ಜಾರಿ ಸ್ಟಾಫ್ ರೂಮಿಗೆ ಓಡಿದರು.

“ಮೇಡಂ, ಲಗೂ ಬರ್ರಿ! ಶಶಿಕಾಂತ ಸರ್ರಿಗೆ ಏನೋ ಆಗೇತ್ರಿ!”

ನಿರ್ಮಲಾ ಮೇಡಂ ಕಿಟಕಿಯಿಂದ ಇಣುಕಿ ನೋಡಿದರು. ಶಶಿಕಾಂತರು ಹಣೆಯ ಬೆವರು ಒರೆಸಿಕೊಂಡು, “ಇದು ತಿಳೀತೇನ್ರಿ? ತಿಳೀದಿದ್ರ ಇನ್ನೊಮ್ಮೆ ಹೇಳತೀನಿ” ಎನ್ನುತ್ತಿದ್ದರು. ಮೇಡಮ್ಮರ ಕಣ್ಣು ತುಂಬಿ ಬಂತು. ಸಂಜೆಯ ಹೊತ್ತಿಗೆ ಇಡೀ ವಿಶ್ವವಿದ್ಯಾಲಯ, ಅವರ ಹಳೆಯ ಲೇಖನಗಳು ಯಾವ ಯಾವ ವಿಷಯದ ಮೇಲಿವೆ ಎಂದು ಹುಡುಕತೊಡಗಿತ್ತು.